ಐದೂವರೆಯ ಕೂಗು

ದಾವಣಗೆರೆಯ ಆ ಮಿಲ್ಲು ಮುಚ್ಚಿದ ಮೇಲೂ
ಅದರ ಕೂಗು ನಮ್ಮ ಮನೆಯಲ್ಲಿ ಉಳಿದಿತ್ತು.
ಬೆಳಗಿನ ಐದೂವರೆಗೆ ಹಿತ್ತಲ ಒಗೆಯೋ ಕಲ್ಲಿನ ಮೇಲೆ ನಿಂತು
ಎರಡೂ ಕೈ ಬಾಯಿಗೆ ಗೂಡು ಮಾಡಿ
ನಮ್ಮ ಮಾವ ಮುರಿಗೆಪ್ಪ ಸೈರನ್ ಆಗುತ್ತಿದ್ದರು:
ಮೊದಲು ಹೊಟ್ಟೆಯೊಳಗಿಂದ ಗೊರಗೊರ,
ಆಮೇಲೆ ಏರಿ ಏರಿ ಹೆಂಚು ತಾಗಿ,
ಇಳಿಯುವಾಗ ಒಂದು ಕೆಮ್ಮು.
ಕೆಮ್ಮೂ ಮಿಲ್ಲಿನದೇ ಅನ್ನುತ್ತಿದ್ದರು,
ಬಾಯ್ಲರಿಗೆ ಹಳೇ ನೆಗಡಿ.

ಇಪ್ಪತ್ತಾರು ವರ್ಷ ಅದರ ಹಗ್ಗ ಎಳೆದವರು.
ಅರ್ಧ ಊರನ್ನು ಎಬ್ಬಿಸಿದ ಕೈಗೆ
ಒಂದು ಮನೆ ಎಬ್ಬಿಸೋದು ಯಾವ ಲೆಕ್ಕ?
ಎದುರುಮನೆ ತಾರಾಬಾಯಿ ಕಿಟಕಿಯಿಂದ ಬೈದರೆ
"ಹಂಗಾರೆ ಸೆಕೆಂಡ್ ಶಿಫ್ಟಿಗೆ ಬರ್ರಿ."

ನಾನು ಜಗಳೂರಿನಿಂದ ಸೊಸೆಯಾಗಿ ಬಂದ ಸಂಜೆ,
ಹೊಸ್ತಿಲಲ್ಲಿ ಚೆಲ್ಲಿದ ಅಕ್ಕಿ ಇನ್ನೂ ಬಳಿದಿರಲಿಲ್ಲ,
ಅಂಗೈಗೆ ಏನೋ ತಣ್ಣಗೆ ಇಟ್ಟರು.
ಚಿನ್ನ ಅಂದುಕೊಂಡೆ. ಹಿತ್ತಾಳೆ ಬಿಲ್ಲೆ, ೪೧೭.
"ಇದು ನಿನ್ನ ನಂಬರು. ಕಳಕೊಂಡ್ರೆ ಪಗಾರ ಕಟ್."
ಬಾಗಿಲ ಹಿಂದೆ ಹಲಗೆ, ಹಲಗೆಗೆ ಒಂಬತ್ತು ಮೊಳೆ;
ಮನೆಗೆ ಬಂದವರು ಬಿಲ್ಲೆ ತೂಗುಹಾಕಬೇಕು.
ಅತ್ತೆಗೂ ರಿಯಾಯಿತಿ ಇರಲಿಲ್ಲ.
ಕೊನೆಯ ಮೊಳೆ ತುಂಬುವ ತನಕ
ಹಚ್ಚದ ಬೀಡಿ ಬಾಯಲ್ಲಿಟ್ಟುಕೊಂಡು ಜಗುಲಿಯಲ್ಲಿ ಕೂತು
ಹೋಗೋ ಬರೋ ನಾಯಿಗಳಿಗೆಲ್ಲ ಹೆಸರಿಡುತ್ತಿದ್ದರು.
ನನ್ನ ಗಂಡ ಸೆಕೆಂಡ್ ಶೋ ಮುಗಿಸಿ ಕಳ್ಳನ ಹಾಗೆ ಬಂದ ರಾತ್ರಿ
ಒಂದು ಮಾತೂ ಇಲ್ಲ.
ಬಿಲ್ಲೆ ಮೊಳೆಗೆ ತಾಗಿ ಟಣ್ ಅಂದದ್ದೇ
ಒಳಗಿಂದ ಗೊರಕೆ ಶುರುವಾಯಿತು.

ಭಾನುವಾರ ಭಟ್ಟಿಯಿಂದ ಬಿಸಿ ಮಂಡಕ್ಕಿ ಹೊತ್ತು ತಂದು
ನಡುಮನೆಗೆ ಪೇಪರ್ ಹಾಸಿ
ಈರುಳ್ಳಿ ಹೆಚ್ಚುತ್ತ ಕಣ್ಣೀರಿಡುತ್ತ
"ನೋಡ್ರಪ್ಪಾ, ಇಕಿ ನನ್ನ ಹೆಂಗೆ ಅಳಿಸ್ತಾಳೆ"
ಅಂತ ಬೀದಿಗೆಲ್ಲ ಕೇಳಿಸುವಂತೆ.
ಅತ್ತೆ ಸೌಟು ಎತ್ತಿದರೆ ಸೌಟಿಗೇ ಸಲಾಮು.
ಚೌಕಾಬಾರದಲ್ಲಿ ಮೊಮ್ಮಕ್ಕಳ ಕವಡೆ ಕದ್ದರು;
ಸಿಕ್ಕಿಬಿದ್ದಾಗ ಕಿವಿ ಕೇಳುತ್ತಿರಲಿಲ್ಲ.

ಒಂದೇ ಒಂದು ಸಲ ನೋಡಿದ್ದೇನೆ.
ತರಕಾರಿ ಚೀಲ ಹಿಡಿದು ಬರುತ್ತಿದ್ದೆ,
ಮಿಲ್ಲಿನ ಗೇಟಿನ ಮುಂದೆ ಮಾವ,
ತುಕ್ಕು ಸರಪಳಿಯ ಎದುರು,
ಎರಡೂ ಕೈ ಬಾಯಿಗೆ ಗೂಡು ಮಾಡಿ.
ಸದ್ದು ಬರಲಿಲ್ಲ.
ನಾನು ಬೇರೆ ದಾರಿ ಹಿಡಿದೆ.
ಆ ರಾತ್ರಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದರು,
ನಕ್ಕೆ. ಇನ್ನೇನು ಮಾಡಲಿ.

ಕುಂತಲ್ಲಿ ಕುಂದರದ ಆ ಮನುಷ್ಯನನ್ನು
ವಿಭೂತಿ ಹಚ್ಚಿ ಕೂರಿಸಿದೆವು.
ಅತ್ತೆ ಗದರಿದರು: "ಇವತ್ತಾದ್ರೂ ನೆಟ್ಟಗೆ ಕುಂದ್ರಿ."
ತಲೆ ಒಂದು ಕಡೆ ವಾಲಿತ್ತು,
ತೊಡೆಯ ಕೆಳಗೆ ಕವಡೆ ಬಚ್ಚಿಟ್ಟುಕೊಂಡವರ ಹಾಗೆ.
ಯಾರೋ ನಕ್ಕರು. ನಗು ತಡೆಯಲು ಹೋಗಿ
ಎಲ್ಲರೂ ನಕ್ಕೆವು, ಮಣ್ಣಿಗೆ ಬಂದ ನೆಂಟರು
ತಪ್ಪು ಮನೆಗೆ ಬಂದೆವೇನೋ ಅಂತ ಹೊಸ್ತಿಲಲ್ಲೇ ನಿಂತರು.

ಅವರ ಬಿಲ್ಲೆ ಅವರ ಜೊತೆ ಹೋಯಿತೋ
ಅತ್ತೆಯ ಸೆರಗಿನ ಗಂಟಿನಲ್ಲಿದೆಯೋ, ಕೇಳಿಲ್ಲ.
ಎಂಟು ಮೊಳೆ ತುಂಬಿದ ಮೇಲೂ
ಬಾಗಿಲು ಹಾಕುವವರು ಯಾರು ಅಂತ
ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಇವತ್ತು, ಒಂಬತ್ತನೇ ದಿನ,
ವಾರಕ್ಕೊಮ್ಮೆಯ ನಳ ಐದೂವರೆಗೇ ಬಂದು
ಯಾರನ್ನೂ ಕಾಯದೆ ಹೋಯಿತಂತೆ.
ಇಡೀ ಓಣಿ ಮಲಗಿತ್ತು.
ತಿರುಗಿಸಿಟ್ಟಿದ್ದ ನಲ್ಲಿಗಳಿಂದ ಸುರಿದದ್ದೆಲ್ಲ
ಚರಂಡಿ ಹಿಡಿದು ಭಟ್ಟಿಗಳ ಕಡೆ ಹರಿದಿತ್ತು.
ಏಳಕ್ಕೆ ತಾರಾಬಾಯಿ, ಖಾಲಿ ಕೊಡ, ಕೆದರಿದ ತಲೆ,
ಬೈಯಲಿಕ್ಕೆಂದೇ ಬಂದವರು
ಹಲಗೆಯ ಕಡೆ ನೋಡಿದರು,
ಕೊಡ ಕೆಳಗಿಟ್ಟು
"ಏನ್ರೀ ಮುರಿಗೆಪ್ಪಾ, ಎಬ್ಬಿಸಬಾರದೇನ್ರೀ" ಅಂದರು.